ನೆರೆಮನೆಯ ಋಣ: ಅಳದಂಗಡಿ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸದ ನಿತ್ಯದ ಬದುಕು

ಗುರುವಾಯನಕೆರೆಯಿಂದ ನಾರಾವಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಅಳದಂಗಡಿ ದೊಡ್ಡ ಪೇಟೆಯೇನಲ್ಲ. ಜೈನ ಅಜಿಲ ಅರಸರ ಅರಮನೆ, ಸತ್ಯದೇವತೆಯ ದೈವಸ್ಥಾನ, ಸಂತ ಪೀಟರ್ ಕ್ಲೇವರರ ಹೆಸರಿನ ಇಗರ್ಜಿ, ಮೂರೂ ಒಂದೇ ಊರಿನವು. ಇಗರ್ಜಿಗೆ ಹೋಗುವವರು ಮನೆಯಲ್ಲಿ ಕೊಂಕಣಿ ಮಾತಾಡುತ್ತಾರೆ. ಅಂಗಡಿಗೆ ಬಂದರೆ ತುಳು, ಪಂಚಾಯತಿಗೆ ಹೋದರೆ ಕನ್ನಡ. ಊರವರ ಬಾಯಲ್ಲಿ ಅವರ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮಂದಿರು. ಭಾನುವಾರ ಬಲಿಪೂಜೆಯಲ್ಲಿ ಎದ್ದು ನಿಂತು ಹೇಳಿದ ವಿಶ್ವಾಸಪ್ರಮಾಣ ಸೋಮವಾರ ಅಡಿಕೆ ತೋಟದಲ್ಲಿ, ಹಾಲಿನ ಸೊಸೈಟಿಯ ಸಾಲಿನಲ್ಲಿ, ಬೇಲಿಯ ತಕರಾರಿನಲ್ಲಿ ಏನಾಗುತ್ತದೆ? ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳಗಳನ್ನು ಸೇರಿಸಿಕೊಂಡ ಈ ಸೀಮೆ ಆ ಪ್ರಶ್ನೆಗೆ ಎರಡು ಶತಮಾನಗಳಿಗೂ ಮಿಕ್ಕಿ ಕೊಟ್ಟಿರುವ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡುವುದು ಇಲ್ಲಿನ ಉದ್ದೇಶ.

ಹಳೆಯ ತಕರಾರು

ವಿಶ್ವಾಸ ದೊಡ್ಡದೋ ಕ್ರಿಯೆ ದೊಡ್ಡದೋ ಎಂಬ ಜಗಳ ಕ್ರೈಸ್ತ ಧರ್ಮದಷ್ಟೇ ಹಳೆಯದು. ಮನುಷ್ಯ ನೀತಿವಂತನೆನಿಸುವುದು ವಿಶ್ವಾಸದಿಂದಲೇ ಎಂದು ಪೌಲ ರೋಮಿನವರಿಗೆ ಬರೆದ. ಉಡಲು ಬಟ್ಟೆ, ಅಂದಿನ ಊಟ ಎರಡೂ ಇಲ್ಲದ ಸೋದರನಿಗೆ ಬರಿಯ ಹಾರೈಕೆ ಕೊಟ್ಟು ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬ ಕೇಳಿದ. ಹದಿನಾರನೆಯ ಶತಮಾನದಲ್ಲಿ ಲೂಥರ್ ಪೌಲನ ಪಕ್ಷ ಹಿಡಿದು ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಸಮ ಮಾಡಿದ. ಚರ್ಚ್ ಒಡೆಯಿತು. ಕಥೋಲಿಕರೂ ಲೂಥರನ್ನರೂ ಆ ವಿಷಯದಲ್ಲಿ ಒಂದೇ ಹೇಳಿಕೆಗೆ ಸಹಿ ಹಾಕಲು 1999ರ ಅಕ್ಟೋಬರ್ 31ರವರೆಗೆ ಕಾಯಬೇಕಾಯಿತು. ಮನುಷ್ಯ ಉದ್ಧಾರವಾಗುವುದು ದೇವರ ಕೃಪೆಯಿಂದ, ಒಳ್ಳೆಯ ಕೆಲಸ ಆ ಕೃಪೆಯ ಫಲ ಎಂಬುದು ಆ ಒಪ್ಪಂದದ ತಿರುಳು.

ಪಂಡಿತರು ಒಪ್ಪಂದಕ್ಕೆ ಬರುವ ಎಷ್ಟೋ ಮೊದಲು ಅಳದಂಗಡಿಯವರ ಪಾಲಕ ಸಂತರು ಈ ಪ್ರಶ್ನೆಯನ್ನು ತಮ್ಮ ರೀತಿಯಲ್ಲಿ ಮುಗಿಸಿಬಿಟ್ಟಿದ್ದರು. ಪೀಟರ್ ಕ್ಲೇವರ್ 1580ರಲ್ಲಿ ಸ್ಪೇನಿನ ಕಾಟಲೋನಿಯಾದಲ್ಲಿ ಹುಟ್ಟಿದವರು. ಯೇಸುಸಭೆಗೆ ಸೇರಿ ಮಯೋರ್ಕಾ ದ್ವೀಪದ ಕಾಲೇಜಿನಲ್ಲಿ ಓದುವಾಗ ಅವರಿಗೆ ದಾರಿ ತೋರಿದವರು ಪ್ರಾಧ್ಯಾಪಕರಲ್ಲ, ಅಲ್ಲಿನ ಬಾಗಿಲು ಕಾಯುತ್ತಿದ್ದ ಅಲ್ಫೋನ್ಸಸ್ ರೊಡ್ರಿಗಸ್ ಎಂಬ ವೃದ್ಧ ಸೋದರ. ಹೆಂಡತಿ ಮಕ್ಕಳನ್ನು ಕಳಕೊಂಡು, ವ್ಯಾಪಾರದಲ್ಲಿ ಸೋತು ಸಭೆಗೆ ಬಂದಿದ್ದ ಆತ ದಶಕಗಟ್ಟಲೆ ಮಾಡಿದ್ದು ದ್ವಾರಪಾಲಕನ ಕೆಲಸ ಒಂದನ್ನೇ. ಗಂಟೆ ಬಾರಿಸಿದವನು ಯಾರೇ ಆಗಲಿ, ಬಂದವನು ಕ್ರಿಸ್ತನೇ ಎಂದುಕೊಂಡು ಬಾಗಿಲು ತೆಗೆಯುತ್ತಿದ್ದ. ಆತನ ಮಾತು ಕೇಳಿ ಕ್ಲೇವರ್ 1610ರಲ್ಲಿ ಇಂದಿನ ಕೊಲಂಬಿಯಾದ ಕಾರ್ತಹೇನಾ ಬಂದರಿಗೆ ಹೋದರು. ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡ ಹಡಗುಗಳು ಬಂದು ನಿಲ್ಲುತ್ತಿದ್ದ ಊರು ಅದು. ಹಡಗು ಬಂತೆಂದು ಗೊತ್ತಾದರೆ ಕ್ಲೇವರ್ ರೊಟ್ಟಿ, ಲಿಂಬೆಹಣ್ಣು, ಔಷಧ ಹಿಡಿದು ಆ ಜನರ ಭಾಷೆ ಬಲ್ಲ ದುಭಾಷಿಗಳನ್ನು ಕರೆದುಕೊಂಡು ಗಬ್ಬು ನಾರುವ ತಳದ ಅಂಕಣಕ್ಕೆ ಇಳಿಯುತ್ತಿದ್ದರು. ಉಪದೇಶದ ಸರದಿ ಆಮೇಲೆ. 1654ರ ಸೆಪ್ಟೆಂಬರ್ 8ರಂದು ತೀರಿಕೊಂಡರು. 1888ರಲ್ಲಿ ಪೋಪ್ ಹದಿಮೂರನೆಯ ಲಿಯೋ ಬಾಗಿಲು ಕಾದ ಗುರುವನ್ನೂ ಹಡಗಿಗಿಳಿದ ಶಿಷ್ಯನನ್ನೂ ಒಟ್ಟಿಗೇ ಸಂತರೆಂದು ಸಾರಿದರು.

ಬಂದವರಿಗೆ ಬಾಗಿಲು ತೆಗೆಯುವುದು, ಬರಲಾಗದವರಿದ್ದಲ್ಲಿಗೆ ತಾನೇ ಹೋಗುವುದು. ನಿತ್ಯದ ವಿಶ್ವಾಸವನ್ನು ಅಳೆಯಲು ಈ ಎರಡು ಅಳತೆ ಸಾಕು. ಆದರೆ ನಮ್ಮ ಸೀಮೆಯ ಇತಿಹಾಸ ಇವುಗಳ ಜೊತೆಗೆ ಮೂರನೆಯದೊಂದನ್ನು ಕಲಿಸುತ್ತದೆ.

ಮೊದಲು ಪಡೆದವರು

ಕೆನರಾ ಕರಾವಳಿಯ ಕಥೋಲಿಕರಲ್ಲಿ ಹೆಚ್ಚಿನವರ ಹಿರಿಯರು ಹದಿನಾರನೆಯ ಶತಮಾನದಿಂದ ಈಚೆಗೆ ಗೋವೆಯಿಂದ ಗುಂಪುಗುಂಪಾಗಿ ಬಂದವರು. ತುಳುನಾಡಿನ ಜೈನ, ಬಂಟ, ಬ್ರಾಹ್ಮಣ ಒಡೆಯರ ಭೂಮಿಯಲ್ಲಿ ಒಕ್ಕಲಾಗಿ ನಿಂತು ಕಾಡು ಕಡಿದು ಗದ್ದೆ ಮಾಡಿದರು. 1784ರಲ್ಲಿ ಟಿಪ್ಪು ಸುಲ್ತಾನ ಅವರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹೋದವರೆಷ್ಟು ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಅರುವತ್ತು ಸಾವಿರ ಎಂಬ ಸಂಖ್ಯೆ ಹೆಚ್ಚು ಬಳಕೆಯಲ್ಲಿದೆ. ಇಗರ್ಜಿಗಳು ನೆಲಸಮವಾದವು. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ.

ಆ ಹಾಳಿನ ನಡುವೆ ಮೂಡುಬಿದಿರೆ ಕಡೆಯ, ಹಳೆಯ ದಾಖಲೆಗಳಲ್ಲಿ ಹೊಸ್ಪೆಟ್ ಎಂದು ಕರೆಸಿಕೊಂಡ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಉಳಿಯಿತು. ಅದು ಉಳಿದದ್ದು ಮೂಡುಬಿದಿರೆಯ ಚೌಟ ಅರಸರ ಸ್ನೇಹದಿಂದ ಎಂದು ದಾಖಲೆ ಹೇಳುತ್ತದೆ. ಚೌಟರು ಜೈನರು. ಸೆರೆ ತಪ್ಪಿಸಿಕೊಂಡು ಕೊಡಗು ಸೇರಿದ ಕೊಂಕಣಿ ಕ್ರೈಸ್ತರಿಗೆ ನೆಲೆ ಕೊಟ್ಟು, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಇಗರ್ಜಿ ಏಳುವಂತೆ ಮಾಡಿದವರು ದೊಡ್ಡ ವೀರರಾಜೇಂದ್ರರು. ಅವರು ಲಿಂಗಾಯತ ಅರಸರು.

ಒಳ್ಳೆಯ ಸಮಾರ್ಯದವನ ಸಾಮತಿಯನ್ನು ಪೀಠದಿಂದ ಕೇಳಿಸಿಕೊಳ್ಳುವಾಗ ನಾವೆಲ್ಲ ಮನಸ್ಸಿನಲ್ಲೇ ಸಮಾರ್ಯದವನ ಜಾಗದಲ್ಲಿ ನಿಂತುಬಿಡುತ್ತೇವೆ. ಈ ಸೀಮೆಯ ಕ್ರೈಸ್ತರಿಗೆ ಇತಿಹಾಸ ಕೊಟ್ಟ ಜಾಗ ಬೇರೆ. ದಾರಿಯ ಬದಿಯಲ್ಲಿ ಬಿದ್ದಿದ್ದವರು ಅವರು; ಎತ್ತಿಕೊಂಡು ಛತ್ರಕ್ಕೆ ಒಯ್ದವರು ಬೇರೆ ದೇವರನ್ನು ಪೂಜಿಸುತ್ತಿದ್ದ ನೆರೆಯವರು. ಯೇಸು ಹೇಳಿದ ಕಥೆಯಲ್ಲೂ ಕಾಪಾಡಿದವನು ಪರಧರ್ಮದವನೆಂದೇ ಎಣಿಸಲ್ಪಟ್ಟವನು ತಾನೆ? ಹಾಗಾಗಿ ಇಲ್ಲಿ ಕ್ರೈಸ್ತ ವಿಶ್ವಾಸವನ್ನು ಬದುಕುವುದೆಂದರೆ ಕೈಮೇಲಾಗಿ ಕೊಡುವವನ ಉದಾರತೆಗಿಂತ ಮುಂಚೆ ಪಡೆದವನ ಕೃತಜ್ಞತೆ. ಮೇಲೆ ಹೇಳಿದ ಮೂರನೆಯ ಅಳತೆ ಇದೇ. ಮುಂದೆ ನೋಡುವ ಒಂದೊಂದು ರೂಢಿ, ಒಂದೊಂದು ಸಂಸ್ಥೆ ಗಟ್ಟಿಯಾಗಿ ನಿಂತದ್ದು ಈ ನೆನಪು ಇದ್ದಾಗ. ಸೊರಗಿದ್ದು ಅದು ಮರೆತಾಗ.

ಮನೆ, ವಾಡೊ, ಗುರ್ಕಾರ

ನಿತ್ಯದ ವಿಶ್ವಾಸದ ಮೊದಲ ಶಾಲೆ ಮನೆ. ಸಂಜೆ ದೀಪ ಹಚ್ಚಿದ ಮೇಲೆ ಅಲ್ತಾರಿನ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಅದು ಮುಗಿದ ಕೂಡಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ 'ಬೆಸಾಂವ್', ಅಂದರೆ ಆಶೀರ್ವಾದ, ಕೇಳುತ್ತಾರೆ. ಬೆಳಿಗ್ಗೆ ಅಪ್ಪನ ಹತ್ತಿರ ಬೈಸಿಕೊಂಡ ಮಗನೂ ಅಣ್ಣನೊಡನೆ ಜಗಳಾಡಿದ ತಂಗಿಯೂ ಆ ಹೊತ್ತಿಗೆ ಎದುರಿಗೆ ಹೋಗಿ ನಿಲ್ಲಲೇಬೇಕು. ಕ್ಷಮೆ ಎಂಬುದರ ಅಭ್ಯಾಸ ಇಲ್ಲಿಂದ ಶುರು. ಧರ್ಮೋಪದೇಶದ ಪುಸ್ತಕದಲ್ಲಿ ಅದು ಪಾಠವಾಗಿ ಬರುವುದು ಬಳಿಕ.

ಮನೆಯಿಂದ ಹೊರಗೆ ವಾಡೊ. ಇಗರ್ಜಿಯ ವ್ಯಾಪ್ತಿಯನ್ನು ಹೀಗೆ ವಾಡೊಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬ ಗುರ್ಕಾರನನ್ನು ನೇಮಿಸುವುದು ಹಳೆಯ ಪದ್ಧತಿ. ಮನೆಯಲ್ಲಿ ಸಾವಾದರೆ ಮೊದಲು ಸುದ್ದಿ ಹೋಗುವುದು ಗುರ್ಕಾರನಿಗೆ. ಇಗರ್ಜಿಯಲ್ಲಿ ಮರಣದ ಗಂಟೆ ಹೊಡೆಸುವುದು, ಹೊಂಡ ತೋಡಲು ಜನ ಒದಗಿಸುವುದು, ಪೆಟ್ಟಿಗೆ, ಶಾಮಿಯಾನ, ಬಂದವರಿಗೆ ಚಾ ಎಲ್ಲ ಅವನ ತಲೆಯ ಮೇಲೆ. ದುಃಖದ ಮನೆಯವರು ಒಲೆ ಹಚ್ಚುವ ಗೋಜಿಗೆ ಹೋಗಬಾರದು. ಗಂಜಿ ನೆರೆಮನೆಯಿಂದ ಬರುತ್ತದೆ. ಆ ನೆರೆಮನೆ ಪೂಜಾರಿಗಳದ್ದಾಗಿರಬಹುದು, ಗೌಡರದ್ದಾಗಿರಬಹುದು, ಬ್ಯಾರಿಗಳದ್ದಾಗಿರಬಹುದು. ಅವರ ಮನೆಯಲ್ಲಿ ಸಾವಾದಾಗ ಸೌದೆಗೆ ಮರ ಕಡಿಯಲೋ ಗೋರಿ ತೋಡಲೋ ಹೋದ ಪೊರ್ಬುವಿನ ಮನೆಯದು ಈಗ ಸರದಿ ಅಷ್ಟೆ.

ಇತ್ತೀಚಿನ ದಶಕಗಳಲ್ಲಿ ವಾಡೊಗಳ ಒಳಗೆ ಕಿರು ಕ್ರೈಸ್ತ ಸಮುದಾಯಗಳು ಬಂದಿವೆ. ಹತ್ತಿಪ್ಪತ್ತು ಮನೆಯವರು ತಿಂಗಳಿಗೊಮ್ಮೆ ಒಂದು ಮನೆಯಲ್ಲಿ ಸೇರಿ ಬೈಬಲ್ ಓದಿ ಅದನ್ನು ತಮ್ಮ ಕಷ್ಟಸುಖಕ್ಕೆ ಹೊಂದಿಸಿ ಮಾತಾಡುತ್ತಾರೆ. ಸಾಮಾನ್ಯ ವಿಶ್ವಾಸಿಗಳಿಗೂ ಪ್ರೇಷಿತ ಕಾರ್ಯದಲ್ಲಿ ಹಕ್ಕಿನ ಪಾಲಿದೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದ್ದು ಹಳ್ಳಿಯ ಜಗಲಿಗೆ ತಲುಪಿದ್ದು ಹೀಗೆ. ಹಿಂದೆ ಗುರ್ಕಾರರಾಗುತ್ತಿದ್ದವರು ಬಹುಮಟ್ಟಿಗೆ ಜಮೀನಿದ್ದ ಗಂಡಸರು. ಈಗ ಈ ಸಭೆಗಳನ್ನು ನಡೆಸುವವರಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸಿದವರೂ ಇದ್ದಾರೆ.

ವಾಡೊ ತಲುಪಲಾರದ ಸಂದಿಗಳಿಗೆ ಹೋಗುವುದು ಸಂತ ವಿನ್ಸೆಂಟ್ ಪಾವ್ಲ್ ಸಭೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಂ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ ಗೆಳೆಯರೊಡನೆ ಹುಟ್ಟುಹಾಕಿದ ಸಭೆ ಇದು. ನಿಮ್ಮ ಧರ್ಮ ಈಗ ಬಡವರಿಗೆ ಏನು ಮಾಡುತ್ತಿದೆ ಎಂದು ಸಹಪಾಠಿಗಳು ಹಂಗಿಸಿದಾಗ ವಾದಕ್ಕೆ ನಿಲ್ಲದೆ ತಮ್ಮ ಪಾಲಿನ ಚಳಿಗಾಲದ ಸೌದೆ ಹೊತ್ತು ಬಡವರ ಮನೆಗೆ ಹೋದರಂತೆ. ಅದರ ಶಾಖೆಗಳು ಇಂದು ಮಂಗಳೂರು ಧರ್ಮಪ್ರಾಂತ್ಯದ ಹಳ್ಳಿ ಇಗರ್ಜಿಗಳಲ್ಲೂ ಇವೆ. ಅವು ಕೆಲಸ ಮಾಡುವ ಬಗೆ ನೋಡಬೇಕು. ಪ್ರತಿ ಕೂಟದ ಕೊನೆಯಲ್ಲಿ ಒಂದು ಬಟ್ಟೆಯ ಚೀಲ ಸದಸ್ಯರ ಕೈಯಿಂದ ಕೈಗೆ ದಾಟುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ಗೊತ್ತಾಗುವುದಿಲ್ಲ. ಹಾಕಲು ಇಲ್ಲದವನು ಬರಿಗೈ ಒಳಗಿಟ್ಟು ತೆಗೆದರೂ ನಡೆಯುತ್ತದೆ. ಬಡವರ ಮನೆಗೆ ಒಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು. ಹೋದವರು ಹೊಸ್ತಿಲಲ್ಲಿ ನಿಂತು ಅಕ್ಕಿ ಕೊಟ್ಟು ಬರುವಂತಿಲ್ಲ, ಒಳಗೆ ಕೂತು ಮಾತಾಡಬೇಕು. ಮಾತ್ರೆ ಮುಗಿದಿದೆಯೇ, ಪಿಂಚಣಿ ಬಂತೇ, ಹಂಚು ಸೋರುತ್ತಿದೆಯೇ ಎಂದು ಕೇಳಬೇಕು. ಆ ಮನೆಯವರು ಚಾ ಮಾಡಿ ಕೊಟ್ಟರೆ ಕುಡಿಯಬೇಕು. ಕಂಡದ್ದನ್ನು ಊರಲ್ಲಿ ಆಡುವಂತಿಲ್ಲ. ಕೊಡುವವನೂ ಆ ಮನೆಯಲ್ಲಿ ಒಂದು ಲೋಟ ಚಾ ಪಡೆದು ಬರುತ್ತಾನಲ್ಲ, ಆ ಒಂದು ಕಾರಣಕ್ಕೆ ಪಡೆದವನ ತಲೆ ತಗ್ಗುವುದಿಲ್ಲ.

ತೆನೆಯೂ ಕುಸ್ವಾರವೂ

ನೆರೆಯ ಋಣ ಎಲ್ಲರ ಕಣ್ಣಿಗೂ ಕಾಣುವುದು ಹಬ್ಬಗಳಲ್ಲಿ. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ, ಕರಾವಳಿಯ ಕಥೋಲಿಕರಿಗೆ ಮೊಂತಿ ಫೆಸ್ತ್. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದರು ಇದನ್ನು ಶುರುಮಾಡಿದರೆಂದು ಹೇಳುತ್ತಾರೆ. ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಯ ಹಿರಿಯ ತೆನೆಯ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾನೆ. ಬಾಳೆ ಎಲೆಯಲ್ಲಿ ಮೀನು ಮಾಂಸವಿಲ್ಲದ ಊಟ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಮಕ್ಕಳಿಗೆ ಕಾಳು ಕಟ್ಟಿ ಕಳಿಸುವವರೂ ಇದ್ದಾರೆ. ತುಳುವರ ಮನೆಗಳಲ್ಲಿ ಕದಿರು ಕಟ್ಟುವ ಹಬ್ಬವೂ ಹೆಚ್ಚುಕಡಿಮೆ ಇದೇ ಕಾಲದ್ದು. ಒಂದೇ ಮಣ್ಣು, ಒಂದೇ ಮಳೆ, ಒಂದೇ ಬೆಳೆಗೆ ಎರಡು ಮನೆಯವರು ಎರಡು ಹೆಸರಿನಲ್ಲಿ ಕೈಮುಗಿಯುತ್ತಾರೆ.

ಈಗ ಗದ್ದೆಗಳು ಅಡಿಕೆ ತೋಟಗಳಾಗಿವೆ, ಗುಡ್ಡಗಳು ರಬ್ಬರಾಗಿವೆ. ಸ್ವಂತ ಗದ್ದೆಯ ತೆನೆ ಇಲ್ಲದ ಕಡೆಗಳಲ್ಲಿ ಇನ್ನೂ ಬೇಸಾಯ ಬಿಡದ ನೆರೆಯವರ ಗದ್ದೆಯಿಂದ ತರಬೇಕಾಗುತ್ತದೆ; ಆ ನೆರೆಯವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಕ್ರಿಸ್ಮಸ್ ಬಂದಾಗ ನೆವ್ರಿ, ಕುಲ್ಕುಲ್, ಕಿಡಿಯೊ, ಎಳ್ಳುಂಡೆಗಳ ಕುಸ್ವಾರ್ ತಟ್ಟೆ ಬೇಲಿ ದಾಟಿ ಹೋಗುತ್ತದೆ. ದೀಪಾವಳಿಗೆ ಅದೇ ತಟ್ಟೆ ಅವಲಕ್ಕಿ ಹೊತ್ತು ತಿರುಗಿ ಬರುತ್ತದೆ. ಖಾಲಿ ತಟ್ಟೆ ಹಿಂದಿರುಗಿಸಬಾರದೆಂಬ ಶಿಸ್ತು ಎರಡೂ ಕಡೆಯ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಕಲಿಸಿದ್ದು.

ಮೊಂತಿ ಫೆಸ್ತ್‌ನ ಮರುದಿನ, ಸೆಪ್ಟೆಂಬರ್ 9, ಚರ್ಚಿನ ಪಂಚಾಂಗದಲ್ಲಿ ಪೀಟರ್ ಕ್ಲೇವರರ ದಿನ. ಮನೆಮಂದಿಯೊಂದಿಗೆ ಉಣ್ಣುವ ಹಬ್ಬದ ಬೆನ್ನಿಗೇ ಸರಪಳಿಯಲ್ಲಿದ್ದವರಿಗೆ ಉಣ್ಣಿಸಿದವನ ನೆನಪು ಬರುವುದು ಪಂಚಾಂಗದ ಆಕಸ್ಮಿಕ. ಅಳದಂಗಡಿಯಂಥ ಊರಿಗೆ ಅದೊಂದು ಸಿದ್ಧ ಪ್ರಸಂಗ.

ಕೈಕೆಲಸ, ಔಷಧ, ಸಾಲ

ಮನೆ ಮತ್ತು ವಾಡೊಗಳಿಗೆ ನೀಗದ ಕಷ್ಟಗಳಿಗೆ ಸಂಸ್ಥೆಗಳು ಹುಟ್ಟಿದವು. ಇವುಗಳ ಕಥೆಯನ್ನು ಕಟ್ಟಡಗಳ ಕಥೆಯಾಗಿ ಹೇಳುವುದು ರೂಢಿ. ಒಬ್ಬೊಬ್ಬ ಮನುಷ್ಯನ ಅವಸ್ಥೆಗೆ ಇನ್ನೊಬ್ಬ ಕೊಟ್ಟ ಉತ್ತರವಾಗಿ ನೋಡಿದರೆ ಅರ್ಥ ಬೇರೆಯಾಗುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಬೇಗನೆ ಒಂದು ಸಮಸ್ಯೆ ಎದುರಾಯಿತು. ಕ್ರೈಸ್ತನಾದವನಿಗೆ ಮನೆ ಹೋಯಿತು, ಕುಲಕಸುಬು ಹೋಯಿತು. ನೇಯ್ಗೆ, ಮುದ್ರಣ ಮತ್ತು 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ ಹುಟ್ಟಿದ್ದು ಆ ಇಕ್ಕಟ್ಟಿನಿಂದ. ಮಂಗಳೂರು ಹಂಚು ಆಮೇಲೆ ದೇಶದ ಮಾಡುಗಳನ್ನೆಲ್ಲ ಮುಚ್ಚಿತು. ಹೊತ್ತಿಗೆ ಸರಿಯಾಗಿ ಬರುವುದು, ತೂಕದಲ್ಲಿ ಮೋಸ ಮಾಡದಿರುವುದು, ಕುಡಿಯದಿರುವುದು ಅಲ್ಲಿ ಪ್ರಾರ್ಥನೆಯಷ್ಟೇ ಮುಖ್ಯವಾಗಿದ್ದ ನಿಯಮಗಳು. ವಿಶ್ವಾಸ ಒಂದರಿಂದಲೇ ರಕ್ಷಣೆ ಎಂದ ಪ್ರೊಟೆಸ್ಟೆಂಟರು ಕೈಕೆಲಸಕ್ಕೆ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನೋಡಿದರೆ ಪೌಲ ಯಾಕೋಬರ ಜಗಳ ಕಾರ್ಖಾನೆಯ ಬಾಗಿಲಲ್ಲೇ ಮುಗಿದಿತ್ತೆನ್ನಬಹುದು. ಆದರೆ ಕೆಲಸ ಕೊಡುವ ಧಣಿಯೂ ಧರ್ಮ ಹೇಳುವ ಗುರುವೂ ಒಬ್ಬನೇ ಆದಾಗ ಕೆಲಸಗಾರನ ವಿಶ್ವಾಸ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಮಿಷನ್ನಿನ ಒಳಗೂ ಹೊರಗೂ ಎದ್ದಿತು. ಅದು ನ್ಯಾಯವಾದ ಪ್ರಶ್ನೆ.

ಜರ್ಮನ್ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದವರು, ಕಾಲೇಜಿನಲ್ಲಿ ಪಾಠ ಹೇಳುವುದು ಅವರಿಗೆ ಕೊಟ್ಟ ಕೆಲಸ. 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮಾತ್ರೆ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳ ಆಶ್ರಯ, ನಂತರ ಪ್ಲೇಗಿನ ಆಸ್ಪತ್ರೆ. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಅಲ್ಲಿಂದ ಬೆಳೆದದ್ದು. 1912ರಲ್ಲಿ ಪಿ. ಎಫ್. ಎಕ್ಸ್. ಸಲ್ಡಾನ್ಹ ಮುಂತಾದವರು ಸೇರಿ ಮಂಗಳೂರು ಕಥೋಲಿಕ್ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಬಿಡಿಸುವುದೂ ಪುಣ್ಯದ ಕೆಲಸವೆಂದು ತಿಳಿದ ಕಾಲ ಅದು. 1921ರಲ್ಲಿ ಫಾದರ್ ರೇಮಂಡ್ ಮಸ್ಕರೇನಸ್ ಸ್ಥಾಪಿಸಿದ ಬೆಥನಿ ಸಿಸ್ಟರುಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟರು.

ಇತ್ತೀಚಿನ ಉದಾಹರಣೆಗಳಲ್ಲಿ ಎರಡು ಗಮನಿಸತಕ್ಕವು. ಬೆಳ್ತಂಗಡಿ ತಾಲೂಕಿನ ನೆರಿಯ ಗ್ರಾಮದ ಗಂಡಿಬಾಗಿಲಿನಲ್ಲಿ ಯು. ಸಿ. ಪೌಲೋಸ್ ಕಟ್ಟಿದ ಸಿಯೋನ್ ಆಶ್ರಮ ಮನೋರೋಗಿಗಳನ್ನೂ ದಿಕ್ಕಿಲ್ಲದ ವೃದ್ಧರನ್ನೂ ಸಾಕುತ್ತಿದೆ. ಗಡಿಯಾಚೆ ಮಂಜೇಶ್ವರದ ಪಾವೂರಿನಲ್ಲಿ ಜೋಸೆಫ್ ಕ್ರಾಸ್ತಾ 2009ರಲ್ಲಿ ಆರಂಭಿಸಿದ ಸ್ನೇಹಾಲಯ ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ಕರೆತಂದು ಚಿಕಿತ್ಸೆ ಕೊಟ್ಟು ಮನೆಗೆ ತಲುಪಿಸುತ್ತದೆ. ಇಂಥ ಕೆಲಸದ ಕಷ್ಟ ಔಷಧದಲ್ಲಿ ಮುಗಿಯುವುದಿಲ್ಲ. ಮೊದಲು ಸ್ನಾನ ಮಾಡಿಸಬೇಕು, ಗಡ್ಡ ತೆಗೆಸಬೇಕು, ಗಾಯ ತೊಳೆಯಬೇಕು. ಮಾತಾಡಲು ಶುರುಮಾಡಿದ ಮೇಲೆ ಆಡುವ ಭಾಷೆ ಯಾವುದೆಂದು ಗುರುತಿಸಬೇಕು. ಹೇಳಿದ ಅರೆಬರೆ ಊರಿನ ಹೆಸರು ಹಿಡಿದು ಬಿಹಾರದಲ್ಲೋ ಆಂಧ್ರದಲ್ಲೋ ಇರುವ ಪೊಲೀಸ್ ಠಾಣೆಗೆ ಫೋನ್ ಮಾಡಬೇಕು. ಸತ್ತನೆಂದು ಕರ್ಮ ಮುಗಿಸಿದ ಮನೆಯವರನ್ನು ಒಪ್ಪಿಸಬೇಕು. ಬೀದಿಯವನೊಬ್ಬ ಮತ್ತೆ ಯಾರದ್ದೋ ಅಣ್ಣನಾಗುವವರೆಗೆ ಕೆಲಸ ಮುಗಿಯದು. ಕ್ಲೇವರ್ ಹಡಗಿಗೆ ದುಭಾಷಿಗಳನ್ನು ಒಯ್ದದ್ದು ಇದೇ ಕಾರಣಕ್ಕೆ.

ಘಟ್ಟದ ಬುಡಕ್ಕೆ ಬಂದವರು

ಬೆಳ್ತಂಗಡಿಯ ಕ್ರೈಸ್ತರೆಲ್ಲ ಕೊಂಕಣಿಗರಲ್ಲ. ಕಳೆದ ಶತಮಾನದ ನಡುಭಾಗದಿಂದ ತಿರುವಾಂಕೂರಿನ ಸಿರಿಯನ್ ಕ್ರೈಸ್ತರು ಘಟ್ಟದ ತಪ್ಪಲಿನ ನೆರಿಯ, ತೋಟತ್ತಾಡಿ, ಕೊಕ್ಕಡ ಕಡೆಗಳಿಗೆ ಬಂದು ಮಲೇರಿಯಾ, ಆನೆ, ಜಡಿಮಳೆಗಳ ನಡುವೆ ರಬ್ಬರು ಎಬ್ಬಿಸಿದರು. 1999ರಲ್ಲಿ ತಲಶ್ಶೇರಿಯಿಂದ ಬೇರ್ಪಟ್ಟ ಬೆಳ್ತಂಗಡಿ ಸಿರೋ ಮಲಬಾರ್ ಧರ್ಮಪ್ರಾಂತ್ಯ ಹುಟ್ಟಿತು. ಲಾರೆನ್ಸ್ ಮುಕ್ಕುಯಿ ಅದರ ಮೊದಲ ಬಿಷಪರು. ಹೀಗೆ ಒಂದೇ ತಾಲೂಕಿನಲ್ಲಿ ಎರಡು ಭಾಷೆಯ, ಎರಡು ಆರಾಧನಾ ಕ್ರಮದ ಕಥೋಲಿಕರು ಇದ್ದಾರೆ. ಊರಿಗೆ ಹೊಸಬರಾಗಿದ್ದ ಇವರಿಗೂ ಮೊದಲು ದಾರಿ, ನೀರು, ನಾಟಿಮದ್ದು ತೋರಿಸಿದವರು ಇಲ್ಲಿನ ಮಲೆಕುಡಿಯರೂ ಗೌಡರೂ. ರಬ್ಬರು ಟ್ಯಾಪಿಂಗ್ ಇವರಿಂದ ಊರವರಿಗೆ ಬಂತು. ಪಡೆಯುವುದು, ಕೊಡುವುದು ಇಲ್ಲೂ ಅದೇ ಕ್ರಮದಲ್ಲಿ ನಡೆಯಿತು.

ನೆರೆಯ ಧರ್ಮದವರು ಇಟ್ಟ ಹೆಜ್ಜೆಗಳನ್ನೂ ಹೇಳಬೇಕು. ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿ 1933ರಿಂದ ನಡೆದುಬಂದಿರುವ ಸರ್ವಧರ್ಮ ಸಮ್ಮೇಳನದ ವೇದಿಕೆಯಲ್ಲಿ ಕ್ರೈಸ್ತ ವಿದ್ವಾಂಸರಿಗೆ ಆಸನವಿದೆ. ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾದ ವಾರ್ಷಿಕ ಜಾತ್ರೆಯಾದ ಸಾಂತ್ ಮಾರಿಗೆ ಹರಕೆ ಹೊತ್ತು ಸಾಲು ನಿಲ್ಲುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ.

ಕೊರತೆಗಳ ಲೆಕ್ಕ

ಸಮೀಕ್ಷೆಯೆಂದ ಮೇಲೆ ಕೊರತೆ ಮುಚ್ಚಿಡುವಂತಿಲ್ಲ. ಮೊದಲನೆಯದು ಜಾತಿ. ಗೋವೆಯಿಂದ ತಂದ ಬಾಮಣ್, ಚಾರೋಡಿ, ಶೂದ್ರ ಎಂಬ ಭೇದ ಒಂದೇ ಪಾತ್ರೆಯಿಂದ ಪರಮಪ್ರಸಾದ ಸ್ವೀಕರಿಸುವವರ ಮದುವೆ ಮಾತುಕತೆಯಲ್ಲಿ ಇನ್ನೂ ಪಿಸುಮಾತಾಗಿ ಕೇಳಿಬರುತ್ತದೆ. 2022ರಲ್ಲಿ ಸಂತಪದವಿಗೇರಿದ ತಿರುವಾಂಕೂರಿನ ದೇವಸಹಾಯಂ ಪಿಳ್ಳೆ ಮೇಲುಕೀಳೆನ್ನದೆ ಎಲ್ಲರೊಡನೆ ಬೆರೆತದ್ದಕ್ಕೆ ಹದಿನೆಂಟನೆಯ ಶತಮಾನದಲ್ಲೇ ಜೀವ ತೆತ್ತರು. ಅವರ ಚಿತ್ರ ಗೋಡೆಗೆ ಹಾಕಿಕೊಂಡು ಜಾತಕದಂತೆ ಜಾತಿ ವಿಚಾರಿಸುವುದು ಸಲ್ಲದು.

ಎರಡನೆಯದು ಖಾಲಿ ಮನೆ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಎಷ್ಟೋ ಗೇಣಿ ಒಕ್ಕಲುಗಳಿಗೆ, ಅವರಲ್ಲಿ ಕ್ರೈಸ್ತರಿಗೂ, ಉಳುತ್ತಿದ್ದ ನೆಲ ಸ್ವಂತವಾಯಿತು. ಮಕ್ಕಳು ಓದಿದರು. ಗಲ್ಫಿಗೆ ಹೋದರು, ಕೆನಡಾಕ್ಕೆ ಹೋದರು, ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಹೋದರು. ದೂರದ ದೇಶದ ಅಜ್ಜನಿಗೆ ಉಣ್ಣಿಸುವ ಮಗಳ ಸಂಬಳದಲ್ಲಿ ಊರಿನ ಮನೆಗೆ ಟೈಲ್ಸ್ ಬಂದಿದೆ. ಆ ಮನೆಯಲ್ಲಿ ಒಬ್ಬಳೇ ಇರುವ ತಾಯಿಗೆ ರಾತ್ರಿ ಎದೆನೋವು ಬಂದರೆ ಆಟೋ ತರುವವನು ಬೇಲಿಯಾಚೆಯ ತುಳುವ ಹುಡುಗ. ಸಂಜೆಯ ತೇರ್ಸ್ ವಾಟ್ಸಪ್ಪಿನಲ್ಲಿ ನಡೆಯುತ್ತಿದೆ. ಭೇಟಿಯ ಬದಲು ಲಕೋಟೆ, ಹೊಂಡ ತೋಡುವ ಕೈಗಳ ಬದಲು ಜೆಸಿಬಿ ಬಂದಿದೆ. ದುಡ್ಡು ಕಳಿಸುವುದು ಸುಲಭ, ಕೂತು ಮಾತಾಡಲು ಹೊತ್ತು ಸಿಗದು.

ಮೂರನೆಯದು ಸಂಶಯ. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಮತ್ತು ಸುತ್ತಮುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧದ ಕಾಯ್ದೆ ಬಂತು. ಮರುವರ್ಷದ ಜೂನ್‌ನಲ್ಲಿ ಅದನ್ನು ರದ್ದುಮಾಡಲು ಸಂಪುಟ ತೀರ್ಮಾನಿಸಿತು. ಈ ಹೊತ್ತಿನಲ್ಲಿ ಕ್ರೈಸ್ತರ ಸೇವೆಯೆಲ್ಲ ಆಮಿಷ ಎಂಬ ಮಾತು ಚಾಲ್ತಿಗೆ ಬಂದಿದೆ. ಸಾರಾಸಗಟಾಗಿ ಹಾಗೆನ್ನುವುದು ಆಲದ ಮರದಡಿ ಮಾತ್ರೆ ತಿಂದು ಗುಣವಾಗಿ, ತಮ್ಮ ದೇವರನ್ನೇ ನಂಬಿ ಮನೆಗೆ ಹೋದವರ ನೆನಪಿಗೆ ಮಾಡುವ ಅನ್ಯಾಯ. ಆದರೆ ಲೆಕ್ಕ ಇಟ್ಟುಕೊಂಡು ಮಾಡುವ ಸೇವೆ, ಪ್ರತಿಫಲವಾಗಿ ಹೆಸರು ಬದಲಿಸಲು ಕೇಳುವ ಸೇವೆ ಕ್ರಿಸ್ತನ ಮಾತಿಗೂ ಹೊರತು. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದು ಬೋಧಿಸಿದವನ ಶಿಷ್ಯರು ಅಕ್ಕಿಚೀಲದ ಜೊತೆ ಫೋಟೋ ಹೊಡೆಸಿಕೊಂಡು ಹಂಚುವುದೂ ಅದೇ ಜಾತಿಯ ತಪ್ಪು. ಸಂಶಯಕ್ಕೆ ಪತ್ರಿಕಾ ಹೇಳಿಕೆ ಮದ್ದಾಗುವುದಿಲ್ಲ. ಪೊರ್ಬುವಿನ ಮನೆಯಲ್ಲಿ ಉಂಡು ಬೆಳೆದ ನೆರೆಯವನೊಬ್ಬ ಗುಂಪಿನ ಎದುರು 'ಇವರು ಅಂಥವರಲ್ಲ' ಎಂದರೆ ಅದಕ್ಕಿಂತ ದೊಡ್ಡ ರಕ್ಷಣೆ ಯಾವುದೂ ಇಲ್ಲ. ಟಿಪ್ಪುವಿನ ಕಾಲದಲ್ಲಿ ಹೊಸ್ಪೆಟ್ ಇಗರ್ಜಿಯನ್ನು ಉಳಿಸಿದ್ದೂ ಅಂಥ ಮಾತೇ.

ತೀರ್ಪು

ಒಟ್ಟು ನೋಡಿದರೆ ಈ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸ ಬಾಳಿಕೆ ಬಂದದ್ದು ಹೆಸರು ಹಿಡಿದು ಕರೆಯಬಲ್ಲ ಸಂಬಂಧಗಳಲ್ಲಿ. ಸಂಸ್ಥೆಗಳು ದೊಡ್ಡ ಕೆಲಸ ಮಾಡಿವೆ. ರೋಗಿಗೆ ಟೋಕನ್ ನಂಬರಿನ ಬದಲು ಹೆಸರು ಇದ್ದಷ್ಟು ಕಾಲ ಅವೂ ವಿಶ್ವಾಸದ ಸಾಕ್ಷಿಗಳೇ. ಎಲ್ಲಿ ಕೊಡುವವನಿಗೆ ತಾನೂ ಪಡೆದವನೆಂಬ ಅರಿವಿತ್ತೋ ಅಲ್ಲಿ ಸೇವೆ ಸ್ನೇಹವಾಯಿತು. ಎಲ್ಲಿ ಆ ಅರಿವು ತಪ್ಪಿತೋ ಅಲ್ಲಿ ಅದು ದರ್ಪವಾಯಿತು ಅಥವಾ ಬರಿಯ ಇಲಾಖೆಯಾಯಿತು.

ಹಾಗಾಗಿ ಮುಂದಿನ ಕೆಲಸ ದೊಡ್ಡದಲ್ಲ, ಆದರೆ ಸುಲಭವೂ ಅಲ್ಲ. ವಾಡೊದ ಪಟ್ಟಿಯಲ್ಲಿ ಒಂಟಿಯಾಗಿರುವ ವೃದ್ಧರ ಹೆಸರು ಬರೆಯುವಾಗ ಕ್ರೈಸ್ತರ ಮನೆಗೇ ನಿಲ್ಲಿಸದೆ ಪಕ್ಕದ ಮನೆಗಳನ್ನೂ ಸೇರಿಸಿಕೊಳ್ಳಲಿ. ಕಿರು ಸಮುದಾಯದ ಕೂಟ ತಿಂಗಳಿಗೊಮ್ಮೆಯಾದರೂ ಬೈಬಲ್ ಮುಚ್ಚಿದ ಮೇಲೆ ಎದ್ದು ಯಾರ ಮನೆಗಾದರೂ ಹೋಗಲಿ. ಮದುವೆಯ ಮಾತಿನಲ್ಲಿ ಜಾತಿ ಕೇಳುವುದನ್ನು ಹಿರಿಯರು ಬಿಡಲಿ. ವಿದೇಶದಲ್ಲಿರುವ ಮಕ್ಕಳು ದುಡ್ಡಿನ ಜೊತೆ ವರ್ಷಕ್ಕೊಮ್ಮೆ ತಮ್ಮನ್ನೂ ಕಳಿಸಿಕೊಳ್ಳಲಿ, ಬಂದಾಗ ತಾಯಿಗೆ ಆಟೋ ತಂದುಕೊಟ್ಟವನ ಮನೆಗೆ ಮೊದಲು ಹೋಗಲಿ. ನೆರೆಮನೆಯವರಿಂದ ಸಹಾಯ ಪಡೆಯಲು ಯಾರೂ ನಾಚದಿರಲಿ; ಪಡೆಯಲು ಬಾರದವರಿಗೆ ಕೊಡಲೂ ಬಾರದು.